ಮರ್ಜಾನ್ ತಪ್ಪಿಸಿಕೊಂಡನಾ?

ಹಲೋ... ಹಲೋ, ಯಾರದು? ಸ್ವಲ್ಪ ಜೋರಾಗಿ ಹೇಳಿ. ಮೂವತ್ತು ವರ್ಷ ಟಾಕೀಸಿನ ಮೆಷಿನ್ ಪಕ್ಕ ಕೂತು ಬಲಗಿವಿ ಹೋಗಿದೆ. ಹಾಂ, ಎಡಗಿವಿಗೆ ಹಿಡಿದೆ. ಈಗ ಹೇಳಿ, ಯಾರು?

...

ಶಿಹಾತಾ? ಯಾವ ಶಿಹಾತಾ? ಕ್ಷೌರದಂಗಡಿ ಶಿಹಾತಾನಾ? ಲೋ, ನೀನೇನೋ ಫೋನಲ್ಲಿ! ಇಷ್ಟು ಹೊತ್ತಿಗೆ ನಿನ್ನ ಎದೆ ಕೊಯ್ದು ಅರ್ಧ ಆಗಿರ್ಬೇಕಿತ್ತಲ್ಲೋ. ಬೆಳಿಗ್ಗೆ ಹತ್ತಕ್ಕೆ ಆಪರೇಷನ್ ಅಂದಿದ್ದೆ ಅಲ್ವಾ?

...

ಆಪರೇಷನ್ ಒಪ್ಪಿಗೆಗೆ ಸಹಿ ಹಾಕಲ್ಲ? ಹಾಕಲ್ಲ ಅಂದ್ರೆ ಏನೋ ಅರ್ಥ? ಯಾಕೆ ಹಾಕಲ್ಲ?

...

ತಾಳು ತಾಳು, ಒಂದೊಂದೇ ಹೇಳು. ವಾರ್ಡಲ್ಲಿ ಎಲ್ಲರೂ ಕೂತು ಹರಟೆ ಹೊಡೀತಿದ್ರಿ. ಯಾರಿಗೆ ಯಾವ ಕ್ರೈಂ ಸಿನಿಮಾ ಇಷ್ಟ ಅಂತ ಮಾತು ಬಂತು. ಹಾಂ... ಪಕ್ಕದ ಮಂಚದ ಟ್ರಾಮ್ ಕಂಡಕ್ಟರ್ 'ಹೆಲ್ವಾನ್ ರೈಲಿನ ಹೆಣ' ಅಂದನಾ? ಥೂ, ಅದೂ ಒಂದು ಸಿನಿಮಾನಾ? ಆ ಹೆಣ ಉಸಿರಾಡೋದು ಕೊನೇ ಸಾಲಿಗೂ ಕಾಣ್ತಿತ್ತು. ಒಂದು ಸಲ ಅದು ಮೂಗು ಬೇರೆ ಕೆರೆದುಕೊಳ್ತು. ಹೂಂ, ಆಮೇಲೆ?

...

ನೀನು 'ಏಳನೇ ತಿಜೋರಿ' ಅಂದೆ. ಅನ್ನದೆ ಏನು ಮಾಡ್ತೀಯ! ಐವತ್ತು ವರ್ಷದಿಂದ ನಮ್ಮ ಶುಬ್ರಾ ಬಡಾವಣೇಲಿ ಗಡ್ಡ ಬೋಳಿಸ್ಕೊಳ್ಳೋಕೆ ಬಂದವರಿಗೆಲ್ಲಾ ಅದೇ ಸಿನಿಮಾದ ಕಥೆ ಹೇಳಿದ್ದೀಯ. ಕತ್ತಿನ ಮೇಲೆ ನಿನ್ನ ಕತ್ತಿ ಇದ್ರೆ ಯಾವನು ತಾನೇ ಬೇಡ ಅಂತಾನೆ? ಸರಿ, ಅದಕ್ಕೂ ಸಹಿಗೂ ಏನೋ ಸಂಬಂಧ?

...

ಯಾರಂದಿದ್ದು? ಡಾಕ್ಟರಾ? ಆ ಸಿನಿಮಾದ ಕಳ್ಳ ಮರ್ಜಾನ್ ಕೊನೇಲಿ ಸಿಕ್ಕಿಬೀಳ್ತಾನೆ ಅಂದ್ರಾ?

...

ಹಾಂ? ಇಲ್ಲೇ ಇದ್ದೀನಿ. ಲೈನ್ ಹೋಗಿಲ್ಲ. ಕೆಮ್ಮು ಬಂತು ಅಷ್ಟೇ.

...

ಹೂಂ. ಹೂಂ. ಅಂದ್ರೆ ನಿನ್ನ ವಾದ ಏನು? ಮರ್ಜಾನ್ ವಿಷಯದಲ್ಲೇ ಸುಳ್ಳು ಹೇಳೋ ಡಾಕ್ಟರನ್ನ ನಂಬಿ ಎದೆ ಹೇಗೆ ಕೊಡ್ಲಿ ಅಂತ. ಎಂಥಾ ತಲೆನೋ ನಿಂದು! ಆ ಎದೆ ಬಿಟ್ಟು ಮೊದಲು ತಲೆ ಕೊಯ್ಯಿರಿ ಅಂತ ಹೇಳಬೇಕು ಅವರಿಗೆ.

...

ನಾನಾ? ನಾನ್ಯಾಕೋ ಸಾಕ್ಷಿ? ಹೌದು, ನಮ್ಮ ಟಾಕೀಸಲ್ಲಿ ಆರು ತಿಂಗಳು ಅದನ್ನ ಓಡಿಸಿದೋನು ನಾನೇ, ಇಲ್ಲ ಅಂದ್ನಾ? ಆದ್ರೆ... ಏನು, ಇಡೀ ವಾರ್ಡಿಗೆ ಕೇಳಿಸ್ತಿದೆಯಾ ನನ್ನ ಮಾತು? ಜೋರು ಮಾಡಿಟ್ಟಿದ್ದೀಯಾ? ಮೊದಲೇ ಹೇಳೋಕೇನಾಗಿತ್ತೋ ಕತ್ತೆ! ನಮಸ್ಕಾರ ಎಲ್ಲಾರಿಗೂ. ನಾನು ಅಯ್ಯಾದ್. ಬೇಗ ಗುಣ ಆಗ್ರಪ್ಪ. ಕಂಡಕ್ಟ್ರೇ, ಹೆಣದ ಬಗ್ಗೆ ಅಂದಿದ್ದು ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

...

ಹೇಳ್ತೀನಿ ಇರೋ, ಹೇಳ್ತೀನಿ. ಅಲ್ಲಾ, ನಾನು ಕೇಳೋದು, ಕಳ್ಳ ಸಿಕ್ಕಿದ್ನಾ ಬಿಟ್ನಾ ಅನ್ನೋದು ಅಷ್ಟು ಮುಖ್ಯಾನಾ? ಕ್ಯಾಬಿನ್ ಕಿಂಡಿಯಿಂದ ನಾನು ಸಾವಿರ ಕೊಲೆ ನೋಡಿದ್ದೀನಿ. ಯಾರು ಯಾರನ್ನ ಕೊಂದ ಅನ್ನೋದು ಒಂದೂ ನೆನಪಿಲ್ಲ. 'ವಿಧವೆಯ ಕಾಫಿ' ನೆನಪಿದೆಯಾ ನಿಂಗೆ? ಗಂಡ ಸತ್ತ ಸುದ್ದಿ ಇನ್ನೂ ಮನೆಗೆ ಬಂದಿಲ್ಲ. ಇನ್ಸ್‌ಪೆಕ್ಟರ್ ಸುಮ್ನೆ ಬಂದು ಕೂತಿದ್ದಾನೆ. ಅವಳು ಕಾಫಿ ತಂದುಕೊಡ್ತಾಳೆ. ಅವನು ಒಂದು ಗುಟುಕು ಕುಡಿದು ಅವಳ ಮುಖ ನೋಡ್ತಾನೆ. ಕಾಫಿಗೆ ಸಕ್ಕರೆ ಇಲ್ಲ! ಸಾವಿನ ಮನೇಲಿ ತಾನೇ ಸಕ್ಕರೆ ಇಲ್ಲದ ಕಾಫಿ ಕೊಡೋದು! ಗಂಡ ಸತ್ತಿದ್ದು ಅವಳಿಗೆ ಮೊದಲೇ ಗೊತ್ತು! ನಮ್ಮ ಟಾಕೀಸಲ್ಲಿ ಕಲ್ಲಂಗಡಿ ಬೀಜ ಕಡಿಯೋ ಸದ್ದು ನಿಂತುಹೋಗಿತ್ತು ಕಣೋ. ಬಂದೂಕಿಲ್ಲ, ಚಾಕು ಇಲ್ಲ, ಒಂದು ಚಮಚ ಸಕ್ಕರೆ. ನೆನಪಲ್ಲಿ ಉಳಿಯೋದು ಅಂಥದ್ದು.

...

ಹೌದು, ಮಾತು ತಿರುಗಿಸ್ತಿದ್ದೀನಿ. ತಿರುಗಿಸಬಾರದಾ? ಮರ್ಜಾನ್ ವಿಷಯದಲ್ಲೂ ಅಷ್ಟೇ. ಆರು ತಿಜೋರಿ ಒಡೆದಿದ್ದು ಯಾರಿಗೆ ಬೇಕು? ಏಳನೇದರ ಮುಂದೆ ಕೂರೋವಾಗ ಕಾವಲುಗಾರನಿಗೆ ಎಚ್ಚರ ಆಗದಿರಲಿ ಅಂತ ಬೂಟು ಬಿಚ್ಚಿಡ್ತಾನಲ್ಲ, ಕಾಲ್ಚೀಲ ತೂತು, ಹೆಬ್ಬೆರಳು ಆಚೆ. ಅಲ್ಲೇ ನೋಡು ಇಡೀ ಶುಬ್ರಾ ಅವನ ಕಡೆ ಆಗಿದ್ದು. ನಮ್ಮ ಮುಂದಿನ ಬೆಂಚಿನವರಲ್ಲಿ ಒಬ್ಬನಿಗಾದ್ರೂ ನೆಟ್ಟಗಿರೋ ಕಾಲ್ಚೀಲ ಇತ್ತಾ?

...

ಯಾರು? ಓ, ಡಾಕ್ಟರಾ? ನಮಸ್ಕಾರ ಡಾಕ್ಟ್ರೇ... ವಗ್ದಿ ಅಂತಾನಾ ಹೆಸರು? ಒಳ್ಳೇದಪ್ಪ. ಎಷ್ಟು ವಯಸ್ಸು ನಿಮಗೆ?... ಅಯ್ಯೋ, ಇನ್ನೂ ಹುಡುಗರು! ಟಾಕೀಸಲ್ಲಿ ನೋಡಿರೋ ಹಾಗೇ ಇಲ್ಲ ಬಿಡಿ. ಟೀವೀಲಿ ನೋಡಿದ್ರಾ?

...

ಬಿಳಿ ಸಮವಸ್ತ್ರದ ಅಧಿಕಾರಿ. ದೋಣಿ ಆಚೆ ದಡಕ್ಕೆ ಬರೋದು. ಬೇಡಿ. ಹೂಂ... ಹೌದು. ಅಂದ್ರೆ, ಇರಬಹುದು. ಟೀವಿಯವರು ಏನೇನೋ ಸೇರಿಸ್ತಾರೆ.

...

ಹೃದಯದ ಮೂರೂ ನಾಳ ಕಟ್ಟಿದೆಯಾ? ಮೂರೂ? ನಂಗೆ ಒಂದು ಅಂದಿದ್ದ. ನಾಳೆಗೆ ಹಾಕೋಕೆ ಆಗಲ್ವಾ ಡಾಕ್ಟ್ರೇ?... ಹೂಂ... ಈಗ ಕರ್ಕೊಂಡು ಹೋಗದಿದ್ರೆ ಮತ್ತೆ ಎರಡು ವಾರಕ್ಕೆ. ಎರಡು ವಾರ ತಡೀತಾನಾ?

...

ತಡಿಯಲ್ಲ ಅಂತೀರಾ.

...

ಡಾಕ್ಟ್ರೇ, ನನ್ನದೊಂದು ಬೇಡಿಕೆ. ಫೋನಿನ ಜೋರು ತೆಗೆದು ಅವನ ಕಿವಿಗೆ ಹಿಡೀರಿ. ಅವನೊಬ್ಬನಿಗೇ ಕೇಳಿಸಬೇಕು. ಐದು ನಿಮಿಷ, ಅಷ್ಟೇ. ಎಸ್ತೇರ್! ಏ ಎಸ್ತೇರ್, ಆ ಸದ್ದು ಮಾಡೋ ಒಲೆ ಆರಿಸೇ, ಇಲ್ಲಿ ಒಬ್ಬನ ಪ್ರಾಣ ಹೋಗ್ತಿದೆ! ಹೆಂಡತಿ, ಡಾಕ್ಟ್ರೇ. ನಿಮಗಲ್ಲ.

...

ಶಿಹಾತಾ? ಒಬ್ಬನೇ ಇದ್ದೀಯಾ? ಯಾರಿಗೂ ಕೇಳಿಸ್ತಿಲ್ಲ ತಾನೇ? ಸರಿ, ಕೇಳು. ಮಧ್ಯ ಬಾಯಿ ಹಾಕಬೇಡ. ನಮ್ಮ ಟಾಕೀಸಲ್ಲಿ 'ಏಳನೇ ತಿಜೋರಿ' ಮೊದಲ ದಿನ ಪೂರ್ತಿ ಓಡಿಸಿದ್ದೆ. ಆ ಕಾಲದಲ್ಲಿ ಕಳ್ಳ ಸಿಕ್ಕಿಬೀಳದೆ ಸಿನಿಮಾಕ್ಕೆ ಸೆನ್ಸಾರಿನವರ ಅಪ್ಪಣೆ ಸಿಗ್ತಿತ್ತೇನೋ? ಪೊಲೀಸಿನವನು ಬಂದು ಮರ್ಜಾನ್ ಕೈಗೆ ಬೇಡಿ ಹಾಕಿದ್ನೋ ಇಲ್ವೋ, ಮುಂದಿನ ಬೆಂಚಿನವರು ಎದ್ದುಬಿಟ್ರು. ಹನ್ನೊಂದು ಕುರ್ಚಿ ಮುರಿದ್ರು. ಪರದೆಗೆ ಒಂದು ಬೂಟು ಬಿತ್ತು. ಮಾಲೀಕರು ಮೆಟ್ಟಿಲು ಹತ್ತಿ ಕ್ಯಾಬಿನ್ನಿಗೆ ಬಂದು, ಅಯ್ಯಾದ್, ನಾಳೆಯಿಂದ ಪರದೆ ಮೇಲೆ ಪೊಲೀಸ್ ಬರೋಕೆ ಮುಂಚೆ ದೀಪ ಹಾಕಿಬಿಡು ಅಂದ್ರು.

...

ರೀಲು ಕತ್ತರಿಸಿದೆ. ನಾನೇ, ಈ ಕೈಯಿಂದ. ದೋಣಿ ದಡ ಬಿಡುತ್ತೆ, ಮರ್ಜಾನ್ ಟೋಪಿ ಬೀಸ್ತಾನೆ, ಅಲ್ಲಿಗೆ ಕತ್ತರಿ. ಅದಕ್ಕೆ ಬೇರೆ ಸಿನಿಮಾದ 'ಮುಗಿಯಿತು' ಅಂಟಿಸಿದೆ. ಉಳಿದ ಮೂರು ನಿಮಿಷ ಯಾರಿಗೂ ತೋರಿಸಲಿಲ್ಲ. ಡಾಕ್ಟರು ಹೇಳಿದ್ದೇ ನಿಜ ಕಣೋ. ಹುಡುಗ ಸುಳ್ಳು ಹೇಳಿಲ್ಲ. ಐವತ್ತು ವರ್ಷ ನಿನ್ನ ಏಮಾರಿಸಿದೋನು ನಾನು. ಬೈಯೋದಿದ್ರೆ ನಂಗೆ ಬೈಯಿ, ಅವರ ಕಾಗದಕ್ಕೆ ಸಹಿ ಹಾಕು.

...

ಶಿಹಾತಾ? ಪೆನ್ನು ತಗೊಂಡ್ಯೇನೋ? ಬೇಗ ಹಾಕೋ!

...

ಏನಂದೆ?

...

ಗೊತ್ತಿತ್ತಾ? ಯಾವಾಗಿಂದ?

...

ಮೊದಲಿಂದ? ನಮ್ಮಲ್ಲಿಗೆ ಬರೋಕೆ ಮುಂಚೆನೇ? ಇಮಾದುದ್ದೀನ್ ರಸ್ತೆಯ ದೊಡ್ಡ ಟಾಕೀಸಲ್ಲಿ, ಮದುವೆಯಾದ ವಾರ. ಸನಿಯ್ಯಾ ಜೊತೆ. ಹೂಂ... ಅಳ್ತಾನೇ ಮನೆವರೆಗೂ ಬಂದ್ಲಾ? ಮೂರು ದಿನ ಊಟ ಬಿಟ್ಲಾ, ಆ ಕಾಲ್ಚೀಲದ ಕಳ್ಳನಿಗೋಸ್ಕರ?

...

ಆಮೇಲೆ ನಮ್ಮ ಟಾಕೀಸಿಗೆ ಕರ್ಕೊಂಡು ಬಂದೆ. ಅಲ್ಲಿ ಅವನು ಟೋಪಿ ಬೀಸಿ ಹೊರಟುಹೋದ. ಅವಳು ಏನಂದ್ಲು?

...

ಹ ಹ್ಹ! ಶ್ರೀಮಂತರ ಟಾಕೀಸಲ್ಲಿ ಸುಳ್ಳು ತೋರಿಸ್ತಾರೆ ಅಂದ್ಲಾ? ಭಲೇ ಸನಿಯ್ಯಾ! ಅದಕ್ಕೇ ಏನೋ ಪ್ರತಿ ಗುರುವಾರ ಇಬ್ಬರೂ ಬರ್ತಿದ್ದಿದ್ದು? ನಾನು ಕಿಂಡಿಯಿಂದ ನೋಡ್ತಿದ್ದೆ, ಈ ಕ್ಷೌರದವನಿಗೆ ಬೇರೆ ಕೆಲಸ ಇಲ್ವಾ ಅಂತ. ಅವಳು ಸಾಯೋವರೆಗೂ ನೀನು ನಿಜ ಹೇಳಲಿಲ್ಲ. ಈಗ ಡಾಕ್ಟರ ಮುಂದೆ ಮರ್ಜಾನ್ ಸಿಕ್ಕಿಬಿದ್ದ ಅಂತ ಒಪ್ಪಿಕೊಳ್ಳೋಕೆ ನಾಲಿಗೆ ಏಳ್ತಿಲ್ಲ. ಅರ್ಥ ಆಯ್ತು ಬಿಡು.

...

ಆದ್ರೆ ಒಂದು ಕೇಳ್ಲಾ? ಕೋಪ ಮಾಡ್ಕೋಬಾರದು. ಎಲ್ಲಾ ಗೊತ್ತಿದ್ದೂ ಇಷ್ಟೆಲ್ಲಾ ಗಲಾಟೆ ಯಾಕೆ ಎಬ್ಬಿಸಿದೆ? ಭಯ ಆಗ್ತಿದೆ, ಅಲ್ವಾ?

...

ಹಾಗಂತ ಬಾಯಿಬಿಟ್ಟು ಹೇಳೋಕೆ ಏನಾಗಿತ್ತು ನಿಂಗೆ? ಊರವರ ಕತ್ತಿಗೆಲ್ಲಾ ಕತ್ತಿ ಹಿಡಿದೋನು, ನಿನ್ನ ಮೇಲೆ ಕತ್ತಿ ಬಂದ ತಕ್ಷಣ ಮರ್ಜಾನ್ ಬೆನ್ನ ಹಿಂದೆ ಅಡಗಿಕೊಂಡೆ. ನಂಗೂ ಭಯ ಕಣೋ. ಬೆಳಿಗ್ಗೆ ಸಂತ ತೆರೇಸಾಳಿಗೆ ಮೇಣದ ಬತ್ತಿ ಹಚ್ಚಿ ಬಂದೆ, ನೀನು ಬೇಡ ಅಂದ್ರೂ. ಗಡಿಬಿಡೀಲಿ ಪಕ್ಕದವಳ ಬತ್ತಿ ಆರಿಸಿಬಿಟ್ಟೆ, ಅವಳು ಹಿಡಿದು ಬೈದ್ಲು. ಶುಬ್ರಾದಲ್ಲಿ ನಂಗೆ ಉಳಿದಿರೋದು ನೀನೊಬ್ಬನೇ ಮಾರಾಯ. ಉಳಿದವರೆಲ್ಲಾ ಹೋದ್ರು, ಇಲ್ಲಾ ಕಿವುಡರಾದ್ರು.

...

ಸಹಿ ಹಾಕ್ತೀಯಾ? ನಿಜವಾಗ್ಲೂ?... ಏನು ಷರತ್ತು? ಈ ಸ್ಥಿತೀಲೂ ಷರತ್ತಾ ನಿಂದು?

...

ಅಯ್ಯೋ ದೇವರೇ! ಸರಿ, ಫೋನ್ ಮತ್ತೆ ಜೋರು ಮಾಡು. ಡಾಕ್ಟರನ್ನ ಕರಿ.

...

ಡಾಕ್ಟ್ರೇ, ನೀವು ಹೇಳಿದ್ದು ಪೂರ್ತಿ ನಿಜ, ನಮ್ಮಿಬ್ಬರಿಗೂ ಗೊತ್ತು. ಆದ್ರೆ ಈಗ ಆ ವಾರ್ಡ್ ಮಧ್ಯ ನಿಂತು ಮರ್ಜಾನ್ ತಪ್ಪಿಸಿಕೊಂಡ ಅಂತ ಒಂದು ಸಲ ಹೇಳಿಬಿಡಿ.

...

ಗೊತ್ತಪ್ಪಾ, ಸುಳ್ಳು ಅಂತ ಗೊತ್ತು! ರೋಗಿಗಳಿಗೆ ಏನೂ ನೋವಾಗಲ್ಲ ಅಂತ ದಿನಾ ಹೇಳ್ತೀರಲ್ಲ, ಅದೇನು ಸತ್ಯಾನಾ? ಅದರ ಜೊತೆಗೆ ಇದೊಂದು. ಎಷ್ಟು ಹೊತ್ತು ಉಳಿದಿದೆ?... ಹನ್ನೆರಡು ನಿಮಿಷ ಇಟ್ಕೊಂಡು ಸಿನಿಮಾ ವಿಮರ್ಶೆ ಮಾಡ್ತೀರಾ?

...

ಅಷ್ಟು ಮೆತ್ತಗಲ್ಲ! ಕಂಡಕ್ಟರಿಗೂ ಕೇಳಿಸಬೇಕು.

...

ಹಾಂ! ಕೇಳಿಸ್ತು! ಎಡಗಿವಿಗೆ ಚೆನ್ನಾಗಿ ಕೇಳಿಸ್ತು. ಅದೇನು ಚಪ್ಪಾಳೆನಾ? ಇಡೀ ವಾರ್ಡು ಹೊಡೀತಿದೆಯಾ? ಮುಂದಿನ ಬೆಂಚು ಅಲ್ಲಿಗೆ ಬಂದಿದೆ ಅನ್ನು. ದೇವರು ನಿಮ್ಮ ಕೈಗೆ ಗುಣ ಕೊಡಲಿ ಡಾಕ್ಟ್ರೇ. ಹಾಕಿದ್ನಾ?... ಹಾಕಿದ. ಅಬ್ಬಾ, ಹಾಕಿದ. ಎಸ್ತೇರ್, ಹಾಕಿದ ಕಣೇ!

...

ಹೇಳು ಶಿಹಾತಾ. ತಳ್ಳೋ ಮಂಚ ಬಂತಾ? ಸರಿ, ಮಲ್ಕೋ. ನಾನು ಹೊರಟೆ, ಮೆಟ್ರೋ ಹಿಡಿದು ಬರ್ತೀನಿ. ನೀನು ಕಣ್ಣು ಬಿಡೋ ಹೊತ್ತಿಗೆ ನಾನಲ್ಲೇ ಕೂತಿರ್ತೀನಿ, ಈ ದರಿದ್ರ ಮುಖಾನೇ ಮೊದಲು ನೋಡಬೇಕು ನೀನು.

...

ಏನು? ತಪ್ಪಿಸಿಕೊಂಡು ಹೋದ ಮೇಲೆ ಮರ್ಜಾನ್ ಏನು ಮಾಡಿದ ಅಂತಾನಾ?

...

ಗೊತ್ತು. ಗೊತ್ತಿಲ್ದೆ ಏನು, ಮೂವತ್ತು ವರ್ಷ ಮೆಷಿನ್ ಓಡಿಸಿದೋನು ನಾನು. ಎಲ್ಲಿಗೆ ಹೋದ, ಯಾರನ್ನ ಕಟ್ಟಿಕೊಂಡ, ಎಷ್ಟು ಮಕ್ಕಳಾದ್ರು, ಎಲ್ಲಾ ಗೊತ್ತು. ಆದ್ರೆ ಈಗ ಹೇಳಲ್ಲ.

...

ಹೇಳಲ್ಲ ಅಂದ್ರೆ ಹೇಳಲ್ಲ! ಸಂಜೆ ಎದ್ದು ಕೇಳು, ಆವಾಗ ಹೇಳ್ತೀನಿ. ಏಳಲಿಲ್ವೋ, ಇನ್ಯಾರಿಗೂ ಹೇಳಲ್ಲ ನೋಡು. ಬೈಯಿ, ಬೈಯಿ, ಎಷ್ಟು ಬೇಕಾದ್ರೂ ಬೈಯಿ, ನಿನ್ನ ಬಾಯಿಂದ ಕೇಳೋಕೆ ಹಿತವಾಗಿದೆ. ಏನಂದೆ? ನಿಮ್ಮಪ್ಪನ... ಹಲೋ? ಶಿಹಾತಾ?... ಹಲೋ?

...

ಹೋಯ್ತು ಲೈನು. ಎಸ್ತೇರ್, ನನ್ನ ಕೋಟು ಎಲ್ಲೇ? ಬೇಗ ಕೊಡು. ಬಾ ಇಲ್ಲಿ, ನೀನೂ ಸ್ವಲ್ಪ ಯೋಚನೆ ಮಾಡೇ, ದೋಣಿ ಹತ್ತಿ ಹೋದ ಕಳ್ಳ ಎಲ್ಲಿಗೆ ಹೋಗ್ತಾನೆ?