ಎಂಬತ್ತಮೂರರ ಹತ್ತನೇ ಹಾಡು

ರೂಸೆ ಪಟ್ಟಣದ ಕಣ್ಣಾಸ್ಪತ್ರೆಯಲ್ಲಿ ನನ್ನ ಸರದಿ ಬರುವ ಲಕ್ಷಣವೇ ಇರಲಿಲ್ಲ. ಪಕ್ಕದ ಬೆಂಚಿನಲ್ಲಿ, ರೇಡಿಯೋದ ಧ್ವನಿಮುದ್ರಣ ವಿಭಾಗದಿಂದ ನಿವೃತ್ತನಾದ ಲ್ಯೂಬೆನ್, ಹಿಂದೆ ಅದೇ ರೇಡಿಯೋದಲ್ಲಿ ಹಾಡುತ್ತಿದ್ದ ನೆದ್ಯಾಲ್ಕಾಗೆ ಒಂದು ಪಟ್ಟಿ ಓದಿ ಹೇಳುತ್ತಿದ್ದ. ಕಣ್ಣಿಗೆ ಔಷಧಿ ಹಾಕಿದ್ದರಿಂದ ಅವಳು ಕಣ್ಣು ಮುಚ್ಚಿಕೊಂಡೇ ಕೂತಿದ್ದಳು.

“ಎಂಬತ್ಮೂರನೇ ಇಸವಿ ಅಂದ್ರೆ ಈ ಹತ್ತೇ ಹಾಡು. ಸಿ.ಡಿ. ಬರ್ತಿದೆ, ಆ ಕೆಲಸಕ್ಕೆ ನನ್ನನ್ನೇ ಮತ್ತೆ ಕರೆದಿದ್ದಾರೆ. ಹತ್ತನೇದು ನಿಂದು, ‘ದೋಣಿ ತಡವಾಯ್ತು’.”

“ನಂದಲ್ಲ. ನಮ್ಮಕ್ಕ ವೆಸೆಲಾದು.”

“ಮತ್ತೆ ಶುರು ಮಾಡ್ಬೇಡ. ಟೇಪಿನ ಮೇಲೆ ನಿನ್ ಹೆಸರೇ ಇರೋದು.”

“ಅವಳು ದೇಶ ಬಿಟ್ಟು ಗಡಿ ದಾಟಿ ಓಡ್ಹೋದ ವಾರಾನೇ ನನ್ನ ಕರೆಸಿ, ಅವಳ ದನಿ ಅಳಿಸಿ ನನ್ ದನಿ ತುಂಬ್ಸಿದ್ಯಾರು? ‘ಅವಳು ಉಸಿರು ತಗೊಂಡಲ್ಲೇ ನೀನೂ ತಗೋ’ ಅಂದಿದ್ಯಾರು?”

“ದೇಶ ಬಿಟ್ಟೋದೋರ ದನಿ ರೇಡಿಯೋದಲ್ಲಿ ಬರಬಾರ್ದು ಅಂತ ಮೇಲಿಂದ ಹೇಳಿದ್ರು, ಮಾಡ್ದೆ. ನೀನೂ ಹಾಡಿದ್ಯಲ್ಲ ತಾಯಿ!”

“ಹಾಡ್ದೆ. ಸಾಯೋವರೆಗೂ ಅವಳು ನನ್ ಜೊತೆ ಮಾತಾಡ್ಲಿಲ್ಲ.”

ನೆದ್ಯಾಲ್ಕಾ ಕಣ್ಣು ತೆರೆಯದೆಯೇ ಅವನತ್ತ ತಿರುಗಿದಳು.

“ಆದ್ರೂ ಸಿ.ಡಿ.ಗೆ ಹಾಕು, ಲ್ಯೂಬೆನ್. ಹಾಡು ಮುಗಿದ್ಮೇಲೆ ಒಂದು ಸಣ್ಣ ನಗು ಇದೆಯಲ್ಲ, ಅದು ಅವಳ್ದು. ಅದೊಂದನ್ನ ಅಳಿಸೋಕೆ ಮರೆತಿದ್ದೆ ನೀನು. ರೇಡಿಯೋದಲ್ಲಿ ಬಂದಾಗೆಲ್ಲ ನಾನು ಅದಕ್ಕೇ ಕಾಯ್ತೀನಿ.”

“ನಿನ್ ನಗು ಅಂದ್ಕೊಂಡಿದ್ನಲ್ಲೇ.”

“ಅವತ್ತು ನಾನು ನಗೋ ಸ್ಥಿತೀಲಿದ್ನಾ?”

ಲ್ಯೂಬೆನ್ ಪಟ್ಟಿ ಮಡಿಸಿದ.

“ಹೋದ ವಾರ ಕಂಪ್ಯೂಟರಲ್ಲಿ ಹಾಡೆಲ್ಲ ಚೊಕ್ಕ ಮಾಡ್ಸಿದ್ವಿ. ಕೊನೇಲಿ ಯಾಕೆ ಈ ಸದ್ದು ಅಂತ ಅದನ್ನ ಕತ್ತರಿಸಿಬಿಟ್ಟೆ. ಹಳೇ ಟೇಪೂ ಎಸೆದ್ರು.”

ನರ್ಸ್ ಅವಳ ಹೆಸರು ಕೂಗಿದಳು. ನೆದ್ಯಾಲ್ಕಾ ಗೋಡೆ ತಡವುತ್ತಾ ಎದ್ದಳು. ಅವನು ಕೈ ಹಿಡಿಯಲು ಹೋದ.

“ಬಿಡು. ಅವಳನ್ನ ಪೂರ್ತಿ ಅಳಿಸೋಕೆ ನಲವತ್ತು ವರ್ಷ ತಗೊಂಡ್ಯಲ್ಲೋ,” ಅಂದು ಒಳಗೆ ಹೋದಳು.