ಹೊಸ್ತಿಲಲ್ಲಿ ಹೇಳಿದ ಹೆಸರು

ಎಂಬತ್ತೆಂಟನೇ ಇಸವಿಯ ಮಾತು. ತರೀಕೆರೆಯಲ್ಲಿ ನನ್ನ ತಂಗಿ ವಿಮಲಳ ಮದುವೆ ಮುಗಿಸಿ, ಅವಳನ್ನು ಅಜ್ಜಂಪುರದ ಗಂಡನ ಮನೆಗೆ ಬಿಡಲು ಹೊರಟಿದ್ದೆವು. ಅರ್ಧ ದಾರಿಯಲ್ಲಿ ಮಳೆ ಹಿಡಿಯಿತು. ನಮ್ಮ ಮೆಟಡೋರ್ ವ್ಯಾನಿನ ಚಕ್ರಗಳು ರಸ್ತೆ ಬದಿಯ ಕೆಸರಿನಲ್ಲಿ ಹೂತುಹೋದವು. ಟ್ರ್ಯಾಕ್ಟರ್ ತಂದು ಎಳೆಸುತ್ತೇನೆಂದು ಮದುಮಗ ಪಂಚಾಕ್ಷರಿ ಹೊಸ ಪಂಚೆಯನ್ನು ಮೊಣಕಾಲ ಮೇಲೆ ಕಟ್ಟಿ, ಡ್ರೈವರನ ಜೊತೆ ಮುಂದಿನ ಊರಿಗೆ ನಡೆದೇ ಹೋದ. ಉಳಿದವರೆಲ್ಲ ಪಕ್ಕದ ಶಾಲೆಯ ಜಗುಲಿ ಹತ್ತಿದೆವು. ಎದುರು ಮನೆಯವರು ಪಾಪವೆಂದು ಒಂದು ಲಾಟೀನು ಕೊಟ್ಟರು.

ಅಲ್ಲಿಯವರೆಗೆ ದಾರಿಯುದ್ದಕ್ಕೂ ನಗುವೇ ನಗು. ಅಜ್ಜಂಪುರದ ಮನೆಯಲ್ಲಿ ಹೊಸ ಸೊಸೆಯನ್ನು ಬಾಗಿಲಲ್ಲೇ ತಡೆಯುತ್ತಾರೆ, ಗಂಡನ ಹೆಸರು ಹೇಳಿದ ಮೇಲೇ ಒಳಗೆ ಬಿಡುತ್ತಾರೆ ಎಂದು ನಮ್ಮ ಚಿಕ್ಕಮ್ಮ ದಾಕ್ಷಾಯಣಮ್ಮ ವಿಮಲಳನ್ನು ಸಾಕಷ್ಟು ಗೋಳು ಹೊಯ್ದುಕೊಂಡಿದ್ದಳು. “ಈಗ್ಲೇ ಒಂದ್ಸಲ ಹೇಳಿ ರೂಢಿ ಮಾಡ್ಕೊಳ್ಳೇ, ಅಲ್ಲಿ ಹೋಗಿ ನಾಚ್ಕೊಂಡು ನಿಂತ್ರೆ ರಾತ್ರಿಯೆಲ್ಲಾ ಹೊಸ್ತಿಲಾಚೇನೇ!” ವಿಮಲ ತಲೆ ಎತ್ತಿರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, ನಾವು ಆ ಮಾತು ಬಿಟ್ಟಿದ್ದಾಗ, ಹಿಂದಿನ ಸೀಟಿನ ಕಡೆಯಿಂದ ಮೆಲ್ಲಗೆ “ಪಂಚಾಕ್ಷರಿ” ಎಂದು ಕೇಳಿಸಿತು. ಎಲ್ಲರೂ ಹೋ ಎಂದು ಚಪ್ಪಾಳೆ ತಟ್ಟಿದೆವು. ಮುಂದೆ ಕೂತಿದ್ದ ಮದುಮಗನ ಕಿವಿ ಕೆಂಪಾಯಿತು. “ನಾನಲ್ಲ ಅಣ್ಣ, ನಾನು ಬಾಯೇ ಬಿಟ್ಟಿಲ್ಲ” ಎಂದು ವಿಮಲ ನನ್ನ ತೋಳು ಚಿವುಟಿದಳು. ನಾಚಿಕೆಗೆ ಹಾಗೆನ್ನುತ್ತಾಳೆ ಅಂದುಕೊಂಡೆ.

ಅವಳ ಹಿಂದಿನ ಸೀಟಿನಲ್ಲಿದ್ದವರು ವಿಶಾಲಾಕ್ಷಮ್ಮ. ಇವರು ಮದುಮಗನ ಅಣ್ಣ ಓಂಕಾರಮೂರ್ತಿಯ ಹೆಂಡತಿ ಮಲ್ಲಿಕಾಂಬಳ ಅಕ್ಕ; ಆ ಗಂಡ ಹೆಂಡತಿ ನಮ್ಮನ್ನು ಬರಮಾಡಿಕೊಳ್ಳಲು ಮುಂಚೆಯೇ ಅಜ್ಜಂಪುರ ಸೇರಿದ್ದರು. ಸಿಂಗಟಗೆರೆಯವರು. ಅರವತ್ತು ದಾಟಿದ ವಯಸ್ಸು, ಮೂಗಿನ ತುದಿಯಲ್ಲಿ ಕೋಪ. ತೊಡೆಯ ಮೇಲೆ ಹಳೇ ಸೀರೆಯಲ್ಲಿ ಸುತ್ತಿದ ಚಪ್ಪಟೆಯಾದ ಒಂದು ಗಂಟು ಇಟ್ಟುಕೊಂಡಿದ್ದರು. ಅದನ್ನು ಸಾಮಾನಿನ ಜೊತೆ ಇಡಲು ಬಿಟ್ಟಿರಲಿಲ್ಲ. ಕೆಸರಲ್ಲಿ ಇಳಿದು ಬರುವಾಗಲೂ ಮಗುವನ್ನು ಎತ್ತಿಕೊಂಡ ಹಾಗೆ ಅದನ್ನು ಎದೆಗವಚಿಕೊಂಡಿದ್ದರು.

“ಉಡುಗೊರೇನಾ ವಿಶಾಲಾಕ್ಷಮ್ಮ? ನೆಂದಿದೆಯೇನೋ, ಬಿಚ್ಚಿ ನೋಡ್ಬಾರ್ದೇ” ಎಂದಳು ಚಿಕ್ಕಮ್ಮ.

ಮುದುಕಿ ಲಾಟೀನನ್ನು ತಮ್ಮ ಕಡೆ ಎಳೆದುಕೊಂಡು, ವಿಮಲಳನ್ನು ಹತ್ತಿರ ಕರೆದು ಕೂರಿಸಿಕೊಂಡರು. “ಇದೇನು ಅಂತ ಹೇಳ್ಬೇಕಾದ್ರೆ ಮೊದಲಿಂದ ಹೇಳ್ಬೇಕು. ಈ ಹುಡುಗಿ ಹೊಸ್ತಿಲು ತುಳಿಯೋಕೆ ಮುಂಚೆ ಹೇಳ್ಲೇಬೇಕು ಅಂತಾನೇ ಇದ್ದೆ. ಮಧ್ಯೆ ಯಾರೂ ಬಾಯಿ ಹಾಕ್ಬಾರ್ದು” ಎಂದು ಶುರು ಮಾಡಿದರು.

“ನನ್ನ ತಂಗಿ ಮಲ್ಲಿ ಹೆಂಗಿದ್ಲು ಗೊತ್ತೇನ್ರೀ? ಅವಳು ಅಡಿಗೆಮನೇಲಿ ನಕ್ರೆ ಕೆರೆ ಏರಿ ಮೇಲೆ ಹೋಗೋರು ತಿರುಗಿ ನೋಡೋರು, ಹಂಗೆ ನಗೋಳು. ಒಂದು ಕಡೆ ಕೂತೋಳೇ ಅಲ್ಲ, ಬಾಯಿ ಮುಚ್ಚಿದೋಳೇ ಅಲ್ಲ. ನನಗೂ ಅವಳಿಗೂ ಇಪ್ಪತ್ತು ವರ್ಷ ಹೆಚ್ಚುಕಮ್ಮಿ, ಎತ್ತಿ ಆಡಿಸಿದ ಕೂಸು. ಅವಳ ಹುಬ್ಬು ಎರಡೂ ಮಧ್ಯ ಕೂಡ್ಕೊಂಡಿದ್ವು, ಕಾಡಿಗೇಲಿ ಒಂದೇ ಗೆರೆ ಎಳೆದಂಗೆ. ಕೂಡುಹುಬ್ಬಿನ ಹುಡುಗೀನ ಯಾರು ಮಾಡ್ಕೋತಾರೆ ಅಂತ ನಮ್ಮಮ್ಮಂಗೆ ಅದೇ ಕೊರಗು. ಎಪ್ಪತ್ತೆರಡನೇ ಇಸವೀಲಿ ಅಜ್ಜಂಪುರದ ಜವಳಿ ಅಂಗಡಿ ಓಂಕಾರಮೂರ್ತಿ ಬಂದು ನೋಡಿ ಒಪ್ಕೊಂಡ. ನಮ್ಗೆ ಸ್ವರ್ಗವೇ ಸಿಕ್ಕಂಗಾಯ್ತು.

“ಓಂಕಾರಮೂರ್ತಿಗೆ ಒಬ್ರು ಸ್ನೇಹಿತ್ರು, ಹೈಸ್ಕೂಲ್ ಡ್ರಾಯಿಂಗ್ ಮೇಷ್ಟ್ರು, ತಿಮ್ಮರಾಯಪ್ಪ ಅಂತ. ಅವರು ಮದುವೆಗೆ ಒಂದು ಪಟ ತಂದಿದ್ರು, ಕಡೂರಲ್ಲಿ ಗಾಜು, ಕಟ್ಟು ಎಲ್ಲಾ ಹಾಕ್ಸಿ. ಒಬ್ಬ ಹೆಂಗಸು ಕೈ ಮೇಲೆ ಕೈ ಇಟ್ಕೊಂಡು ಕೂತಿರೋ ಪಟ. ನಗ್ತಾಳೋ ಇಲ್ವೋ ಹೇಳೋಕಾಗಲ್ಲ...”

“ಮೋನಾಲಿಸಾ” ಎಂದೆ ನಾನು.

“ಅದೇ ಹೆಸರು. ಬಾಯಿ ಹಾಕ್ಬೇಡ ಅಂದೆ. ಮೇಷ್ಟ್ರು ಹೇಳಿದ್ರು, ‘ನೋಡೋ ಓಂಕಾರ, ನಾನ್ನೂರು ವರ್ಷಕ್ಕೂ ಹಿಂದೆ ಇಟಲಿ ದೇಶದಲ್ಲಿ ಬರೆದದ್ದು ಇದು, ಇವಳೂ ನಿನ್ನಂಗೇ ರೇಷ್ಮೆ ವ್ಯಾಪಾರ ಮಾಡೋನ ಹೆಂಡ್ತಿ ಅಂತಾರೆ, ಅದಕ್ಕೇ ನಿಂಗೆ ತಂದೆ’ ಅಂತ. ಗಂಡ ಆಸೆಪಟ್ಟು ಬರೆಸೋಕೆ ಕೊಟ್ನಂತೆ. ಬರೆಯೋನು ವರ್ಷಗಟ್ಲೆ ತಿದ್ದಿದ, ತಿದ್ದಿದ... ಕೊನೆಗೆ ಕೊಡ್ಲೇ ಇಲ್ವಂತೆ. ಹೋದಲ್ಲೆಲ್ಲಾ ಜೊತೇಲೇ ಇಟ್ಕೊಂಡು ಬೇರೆ ದೇಶಕ್ಕೆ ಹೋಗಿ ಅಲ್ಲೇ ಸತ್ತ. ಪಟ ಅಲ್ಲೀ ರಾಜನ ಪಾಲಾಯ್ತು. ಇದೇ ಶತಮಾನದಲ್ಲಿ ಯಾವನೋ ಗೋಡೆಯಿಂದ ಕದ್ದು ಅವಳ ಊರಿಗೇ ತಗೊಂಡು ಹೋಗಿದ್ನಂತೆ, ಅಲ್ಲೂ ಹಿಡಿದು ವಾಪಸ್ ಒಯ್ದ್ರು. ಅವಳು ನಿಜವಾಗ್ಲೂ ಯಾರು, ಯಾಕೆ ನಗ್ತಾಳೆ, ಹುಬ್ಬು ಯಾಕಿಲ್ಲ, ಒಂದಕ್ಕೂ ಯಾರ ಹತ್ರನೂ ಖಚಿತವಾದ ಉತ್ತರ ಇಲ್ಲ ಅಂದ್ರು ಮೇಷ್ಟ್ರು. ಅವರಿಗೆ ಅದೆಲ್ಲಾ ಸ್ವಾರಸ್ಯ. ನೀವೇ ಹೇಳಿ, ಮದುವೆಯಾಗಿ ಅಷ್ಟು ಕಾಲವಾದ್ರೂ ಗಂಡನ ಮನೆ ಗೋಡೆ ಕಾಣದ ಹೆಣ್ಣು ಅಂದ್ರೆ... ಅವಳ ಆಸೆ ಎಂಥಾದ್ದಿರಬೇಕು?

“ಅಜ್ಜಂಪುರಕ್ಕೆ ಹೋಗಿ ಇಳಿದ್ವಿ. ಹೊಸ್ತಿಲ ಮೇಲೆ ಅಕ್ಕಿ ತುಂಬಿದ ಸೇರು ಇಟ್ಟಿದ್ರು. ಮೇಷ್ಟ್ರು ಮಾಡಿದ ಘನಂದಾರಿ ಕೆಲಸ ಅಂದ್ರೆ ಆ ಪಟಾನ ಬಿಚ್ಚಿ ಮಲ್ಲಿ ಕೈಗೇ ಕೊಟ್ಬಿಟ್ಟಿದ್ರು. ಅವಳು ಎದೆಗೆ ಹಿಡ್ಕೊಂಡು ನಿಂತಿದ್ಲು. ಒಳಗಿಂದ ಆರತಿ ತಂದೋಳು ಓಂಕಾರಮೂರ್ತಿ ಸೋದರತ್ತೆ ಕರಿಬಸಮ್ಮ. ಪಟ ನೋಡಿ ನಿಂತ್ಬಿಟ್ಲು. ನೋಡಿದ್ರೆ ಏನು? ಬರೀ ಹಣೆ, ತಲೆ ಮೇಲೆ ಕರಿ ಸೆರಗು, ಕೊರಳಲ್ಲಿ ತಾಳಿ ಇಲ್ಲ, ಕೈಯಲ್ಲಿ ಬಳೆ ಇಲ್ಲ. ‘ಅಯ್ಯೋ, ಇದ್ಯಾರೇ ಗಂಡ ಸತ್ತೋಳು, ಶುಭದ ದಿನ ಬಾಗಿಲಿಗೆ ತಂದಿದೀರಲ್ಲ’ ಅಂದ್ಲು. ‘ಗಂಡ ಇರೋಳೇ ಕಣ್ರೀ’ ಅಂತ ಮೇಷ್ಟ್ರು ನಕ್ರು. ಕರಿಬಸಮ್ಮ ಒಳ್ಳೇ ಹೆಂಗಸು... ಕೆಟ್ಟೋಳಾಗಿದ್ರೆ ಆಚೆ ಬಿಸಾಕಿರೋಳು, ಚೆನ್ನಾಗಿರ್ತಿತ್ತು. ‘ಹಂಗಾದ್ರೆ ಬರೀ ಹಣೇಲಿ ಯಾಕಿರ್ಬೇಕು’ ಅಂತ ಮರುಕ ಪಟ್ಟು, ಮಲ್ಲಿ ಹಣೆಗೆ ಇಟ್ಟ ಅದೇ ಬೆರಳಲ್ಲಿ ಗಾಜಿನ ಮೇಲೆ ಕುಂಕುಮ ಇಟ್ಲು, ಮಲ್ಲಿ ಮುಡಿಯಿಂದ ಒಂದೆಳೆ ಹೂವು ಕಿತ್ತು ಪಟದ ಕಟ್ಟಿಗೆ ಸಿಕ್ಕಿಸಿದ್ಲು, ಇಬ್ಬರಿಗೂ ಸೇರಿಸಿ ಒಂದೇ ಆರತಿ ಎತ್ತಿಬಿಟ್ಲು!

“ಆಮೇಲೆ ಬಾಗಿಲಿಗೆ ಅಡ್ಡ ನಿಂತು, ‘ಗಂಡನ ಹೆಸರು ಹೇಳು’ ಅಂದ್ಲು. ಅಷ್ಟು ಮಾತಾಡೋ ನಮ್ಮ ಮಲ್ಲಿ ಅವತ್ತು ನಾಚ್ಕೊಂಡು ಸುಮ್ನೆ ನಿಂತ್ಲು. ಹಿಂದೇನೇ ನಾನಿದ್ದೆ, ಅವಳ ಕೆನ್ನೆ ಕಾಣ್ತಿತ್ತು, ತುಟಿ ಅಲ್ಲಾಡ್ಲಿಲ್ಲ. ಆದ್ರೆ ಹೆಸರು ಕೇಳಿಸ್ತು. ‘ಓಂಕಾರಮೂರ್ತಿ’ ಅಂತ, ಮೆಲ್ಲಗೆ, ಬಲು ಇಂಪಾಗಿ... ‘ಹೇಳಿದ್ಲು, ಹೇಳಿದ್ಲು’ ಅಂತ ಎಲ್ಲಾ ನಕ್ಕು ದಾರಿ ಬಿಟ್ರು. ಮಲ್ಲಿ ಸುತ್ತ ನೋಡಿದ್ಲು, ನನ್ನೂ ನೋಡಿದ್ಲು. ಆಮೇಲೆ ಸೇರು ಒದ್ದು ಒಳಕ್ಕೆ ಹೋದ್ಲು. ಯಾರು ಹೆಸರು ಹೇಳಿದ್ರೋ ಅವರೇ ಅಲ್ವೇನ್ರೀ ಮನೆ ಸೊಸೆ?”

ಮಳೆಯ ಸದ್ದು ಜೋರಾಯಿತು. ವಿಮಲ ನನ್ನ ಕಡೆ ನೋಡಿದಳು. ಮುಖ ಬಿಳಿಚಿಕೊಂಡಿತ್ತು. ನಾನು ಕತೆಯಷ್ಟೇ ಎಂದು ಕಣ್ಣಲ್ಲೇ ಹೇಳಿದೆ.

“ಪಟಾನ ನಡುಮನೇಲಿ ತೂಗುಹಾಕಿದ್ರು. ಬೆಳಗ್ಗೆ ಮಿಂದು ಕುಂಕುಮ ಇಟ್ಕೊಂಡ್ರೆ ಮಲ್ಲಿ ಹಣೇಲಿ ನಿಲ್ತಾ ಇರ್ಲಿಲ್ವಂತೆ, ಒಂದು ಗಳಿಗೆ ಬಿಟ್ಟು ನೋಡಿದ್ರೆ ಬರೀ ಹಣೆ. ಪಟದಲ್ಲಿ ಮಾತ್ರ ದಿನಾ ಹೊಸ ಕುಂಕುಮ. ಮೊದಲನೇ ಗೌರಿ ಹಬ್ಬಕ್ಕೆ ತವರಿಗೆ ಕರ್ಕೊಂಡು ಬಂದ್ವಿ. ಕಂಬದ ಹತ್ರ ಕೂತೋಳು ಎದ್ದೇಳ್ಲಿಲ್ಲ. ಬಲಗೈ ಎಡಗೈ ಮೇಲೆ. ಏನು ಕೇಳಿದ್ರೂ ಒಂದು ನಗೆ... ಸಂತೋಷಕ್ಕೆ ನಗ್ತಾಳೋ, ನಮ್ಮನ್ನ ನೋಡಿ ನಗ್ತಾಳೋ, ತಿಳೀತಾನೇ ಇರ್ಲಿಲ್ಲ.”

“ಮದುವೆ ಆದ್ಮೇಲೆ ಹೆಣ್ಮಕ್ಕಳು ಗಂಭೀರ ಆಗೋದು ಇದ್ದದ್ದೇ ಅಲ್ವೇ...” ಎಂದಳು ಚಿಕ್ಕಮ್ಮ.

“ಹಾಂ! ಎಲ್ರೂ ಇದನ್ನೇ ಅಂದ್ರು!” ಮುದುಕಿ ನೆಲಕ್ಕೆ ಕೈ ಬಡಿದರು. “ಸೊಸೆ ಹೊಂದ್ಕೊಂಡ್ಲು ಅಂದ್ರು ಅವರು. ಗಂಡನ ಮನೆ ಪಳಗಿಸ್ತು ಅಂದ್ರು ಇವರು. ಎಣ್ಣೆ ಹಚ್ಚೋಕೆ ಅಂತ ಹಣೆ ಮುಟ್ತೀನಿ, ಹುಬ್ಬಿರೋ ಜಾಗ ನುಣ್ಣಗಿದೆ. ಒಂದು ಕೂದಲಿಲ್ಲ. ನಮ್ಮಮ್ಮಂಗೆ ಖುಷಿಯೇ ಖುಷಿ, ಸದ್ಯ ಕೂಡುಹುಬ್ಬು ಹೋಯ್ತಲ್ಲ ಅಂತ! ಹೆತ್ತ ತಾಯಿ ಕಣ್ರೀ... ಅವಳನ್ನ ಯಾರೂ ಹುಡುಕ್ಲಿಲ್ಲ. ಆ ನಗು, ಆ ಗಲಾಟೆ, ಎಲ್ಲಿ ಹೋಯ್ತು ಅಂತ ಒಬ್ರೂ ಕೇಳ್ಲಿಲ್ಲ. ಇದು ನೆನೆಸ್ಕೊಂಡ್ರೆ ಈಗ್ಲೂ ನನ್ನ ಹೊಟ್ಟೆ ಉರಿಯುತ್ತೆ.

“ಹಬ್ಬ ಮುಗಿಸಿ ವಾಪಸ್ ಬಿಡೋಕೆ ನಾನೇ ಹೋದೆ. ನಡುಮನೇಲಿ ಪಟ ನೋಡ್ದೆ. ಕುಂಕುಮ ಗಾಜಿನ ಮೇಲಿರ್ಲಿಲ್ಲ, ಗಾಜಿನ ಒಳಗಡೆ ಇತ್ತು, ಹಣೆ ಮೇಲೇ. ಅದರ ಕೆಳಗೆ ಹುಬ್ಬು. ಧೂಳೇನೋ ಅಂತ ಸೆರಗಲ್ಲಿ ಒರೆಸ್ದೆ... ಹೋಗ್ಲಿಲ್ಲ. ಒಂದೇ ಗೆರೆ ಎಳೆದಂಗೆ, ಕೂಡುಹುಬ್ಬು. ಲೋಕಕ್ಕೆಲ್ಲಾ ಗೊತ್ತು ಆ ಪಟದೋಳು ನಗ್ತಾಳೆ ಅಂತ. ಆದ್ರೆ ಇವಳು ನಗ್ತಿರ್ಲಿಲ್ಲ. ಬಾಯಿ ಚೂರು ತೆರೆದಿತ್ತು, ಅಕ್ಕ ಅನ್ನೋಕೆ ಹೊರಟಂಗೆ... ನಾನು ಪಟ ಹಿಡ್ಕೊಂಡು ಅತ್ಬಿಟ್ಟೆ. ಹಿಂದಿಂದ ಬಂದು ನಿಂತ್ಲು ಮಲ್ಲಿ ರೂಪದಲ್ಲಿರೋ ಆ ಇನ್ನೊಬ್ಬಳು. ನಗ್ತಾ, ‘ತಗೊಂಡು ಹೋಗಿ ವಿಶಾಲಾಕ್ಷಮ್ಮನವರೇ, ಇನ್ನು ನಮ್ಗೆ ಯಾಕೆ ಅದು’ ಅಂದ್ಲು. ನನ್ನ ತಂಗಿ ನನ್ನ ಯಾವತ್ತಾದ್ರೂ ಹಂಗೆ ಕರೀತಾಳಾ?

“ಅವತ್ತಿಂದ ಇವಳು, ಈ ಗಂಟಲ್ಲಿರೋ ನನ್ನ ಮಲ್ಲಿ, ನನ್ನ ಹತ್ರಾನೇ. ಎರಡು ಸಲ ಹೊತ್ಕೊಂಡು ಅಜ್ಜಂಪುರಕ್ಕೆ ಹೋದೆ. ಆ ಹೊಸ್ತಿಲಿಗೆ ಬಂದ ತಕ್ಷಣ ಇವಳು ಕಲ್ಲಿನಂಗೆ ಭಾರ ಆಗ್ತಾಳೆ, ಹೆಜ್ಜೆ ಎತ್ತೋಕಾಗಲ್ಲ. ಯೋಚನೆ ಮಾಡಿ ಮಾಡಿ ಗೊತ್ತಾಯ್ತು ನಂಗೆ. ಆ ಬಾಗಿಲಲ್ಲಿ ಹೆಸರು ಕೇಳೋದು ಯಾವಾಗ? ಸೊಸೆ ಬಂದಾಗ ಮಾತ್ರ. ಆ ಮನೆಗೆ ಮಲ್ಲಿ ಆದ್ಮೇಲೆ ಸೊಸೆ ಬಂದಿಲ್ಲ. ಪಂಚಾಕ್ಷರಿ ಆಗಿನ್ನೂ ಚಿಕ್ಕೋನು. ಅವನು ದೊಡ್ಡೋನಾಗ್ಲಿ, ಅವನ ಮದುವೆ ಆಗ್ಲಿ ಅಂತ ಹದಿನಾರು ವರ್ಷ ಕಾದೆ ಕಣಮ್ಮ.”

ಅವರು ವಿಮಲಳ ಎರಡು ಕೈಯನ್ನೂ ಹಿಡಿದುಕೊಂಡರು. ಇಷ್ಟು ಹೊತ್ತು ಗದರುತ್ತಿದ್ದ ದನಿ ಈಗ ಬೇಡುವ ಹಾಗಿತ್ತು.

“ಇವತ್ತು ಹೊಸ್ತಿಲಲ್ಲಿ ನಿನ್ನ ಗಂಡನ ಹೆಸರು ಕೇಳ್ತಾರಲ್ಲ, ಆಗ ಒಂದೇ ಒಂದು ಗಳಿಗೆ ಸುಮ್ನಿರು ತಾಯಿ. ನಿನ್ನ ಬೆನ್ನ ಹಿಂದೆ ಇವಳನ್ನ ಹಿಡ್ಕೊಂಡು ನಾನಿರ್ತೀನಿ. ‘ಓಂಕಾರಮೂರ್ತಿ’ ಅಂತ ಇವಳೇ ಹೇಳ್ತಾಳೆ. ಇವಳ ಜಾಗ ಇವಳಿಗೆ, ಆ ನಗೋಳ ಜಾಗ ಅವಳಿಗೆ. ಆಮೇಲೆ ನೀನು ನಿನ್ನ ಗಂಡನ ಹೆಸರು ಹೇಳಿ ಒಳಕ್ಕೆ ಬಾ, ನಿಂಗೇನೂ ಆಗಲ್ಲ.”

ಹೀಗೆಂದು ಗಂಟಿನ ಒಂದು ತುದಿ ಬಿಚ್ಚಿದರು. ಲಾಟೀನಿನ ಬೆಳಕಲ್ಲಿ ನಾನು ಬಗ್ಗಿ ನೋಡಿದೆ. ಕಾಲೇಜಿನಲ್ಲಿ ಆ ಚಿತ್ರವನ್ನು ಎಷ್ಟೋ ಸಲ ನೋಡಿದವನು ನಾನು. ಹಣೆಯ ನಡುವೆ ಕುಂಕುಮ, ಅದರ ಕೆಳಗೆ ದಟ್ಟವಾದ ಕೂಡುಹುಬ್ಬು. ಕಣ್ಣುಗಳು ನನ್ನನ್ನು ನೋಡುತ್ತಿರಲಿಲ್ಲ. ನಾನು ಎಡಕ್ಕೆ ಸರಿದರೂ ಬಲಕ್ಕೆ ಸರಿದರೂ ಅವು ನನ್ನ ತಂಗಿಯನ್ನೇ ನೋಡುತ್ತಿದ್ದವು.

ನನಗೆ ಹೆದರಿಕೆಯಾಯಿತು. ಹೆದರಿಕೆಗೆ ಸಿಟ್ಟೂ ಬಂತು. “ಸಾಕು ಮುಚ್ಚಿ ವಿಶಾಲಾಕ್ಷಮ್ಮ. ವಿಮಲ, ನೀನು ಬಾಗಿಲಿಗೆ ಹೋದ ತಕ್ಷಣ, ಯಾರೂ ಕೇಳೋಕೆ ಮುಂಚೇನೇ, ಗಟ್ಟಿಯಾಗಿ ಹೆಸರು ಕೂಗಿಬಿಡು” ಎಂದೆ.

ವಿಮಲ ಬಾಯಿ ತೆರೆದಳು. ದನಿ ಹೊರಡಲಿಲ್ಲ. ಗಂಟಲು ಹಿಡಿದುಕೊಂಡು ನನ್ನನ್ನೇ ನೋಡಿದಳು. ಅಷ್ಟರಲ್ಲಿ ದೂರದಲ್ಲಿ ಟ್ರ್ಯಾಕ್ಟರಿನ ದೀಪ ಕಾಣಿಸಿತು. ಜಗುಲಿಯ ಮೇಲೆ, ಎಲ್ಲೋ ನಮ್ಮ ನಡುವೆಯೇ, ಮೆಲ್ಲಗೆ ಹೆಸರೊಂದು ಕೇಳಿಸಿತು. ವ್ಯಾನಿನಲ್ಲಿ ಕೇಳಿಸಿದ ಅದೇ ದನಿ, ಅದೇ ಹೆಸರು.

ವಿಶಾಲಾಕ್ಷಮ್ಮ ಗಂಟನ್ನು ಮಡಿಲಿಗೆ ಎಳೆದುಕೊಂಡು, ಮಗುವಿಗೆ ತಟ್ಟಿದ ಹಾಗೆ ಅದರ ಮೇಲೆ ಮೆಲ್ಲಗೆ ತಟ್ಟಿದರು.

“ತರೀಕೆರೆ ಬಿಟ್ಟಾಗಿಂದ ಹೇಳಿ ಹೇಳಿ ಕಲೀತಾ ಇದಾಳೆ, ಪಾಪ. ಹದಿನಾರು ವರ್ಷ ಆಯ್ತಲ್ಲ... ಗಂಡನ ಹೆಸರೇ ಮರೆತುಹೋಗಿದೆ. ಎಷ್ಟು ತಿದ್ದಿದ್ರೂ ಪಂಚಾಕ್ಷರಿ, ಪಂಚಾಕ್ಷರಿ ಅಂತಾನೇ ಅಂತಾಳೆ.”