ಲೆಕ್ಕಕ್ಕೆ ಹಿಡಿಯದ ಮಾತು

ಉಜ್ಬೇಕಿಸ್ತಾನದ ಮರ್ಗಿಲಾನ್ ಸಂತೆಯೆದುರು ಮಿನಿಬಸ್ಸಿಗೆ ಸಾಲಿನಲ್ಲಿ ನಿಂತಿದ್ದೆ. ಮುಂದಿದ್ದವರು ಅಕ್ಕತಂಗಿಯರು. ತಂಗಿಯ ಕಣ್ಣುಗಳು ನಿದ್ದೆಗೆಟ್ಟು ಕೆಂಪಾಗಿದ್ದವು.

“ಜಿಕ್ರ್‌ನಲ್ಲಿ ಕಿರುಚಿದೆಯಂತೆ, ಹುಲ್ಕರ್? ಬೀದಿಯೆಲ್ಲ ಅದೇ ಮಾತು.”

“ಹೂಂ ಅಕ್ಕ. ‘ನಾನು ಯಾರ ದಾಸಿಯೂ ಅಲ್ಲ’ ಅಂದೆ.”

“ಅಯ್ಯೋ, ದೇವರ ನಾಮ ಹೇಳೋ ಕಡೆ ಆ ಮಾತಾ? ನಾಮ ಹೇಳಿಸೋ ಓತಿನಮ್ಮ ಸುಮ್ಮನಿದ್ರಾ?”

“ಅವರೇ ಕಾಪಾಡಿದ್ದು. ‘ಇದು ಶತಹ್. ಪರವಶಳಾದವಳ ಬಾಯಿಂದ ತಾನಾಗೇ ಉಕ್ಕಿದ ಮಾತು. ಯಾರೂ ಲೆಕ್ಕಕ್ಕೆ ಹಿಡೀಬೇಡಿ, ಆಮೇಲೆ ಕೇಳಲೂಬೇಡಿ’ ಅಂದ್ರು. ಹೆಂಗಸರೆಲ್ಲ ನನ್ನ ಕೈ ಕಣ್ಣಿಗೊತ್ತಿಕೊಂಡ್ರು.”

“ಮತ್ಯಾಕೆ ಈ ಮುಖ? ಸಂತಳಾಗಿಬಿಟ್ಟೆಯಲ್ಲೇ!”

“ಎಲ್ಲಿಯ ಪರವಶ ಅಕ್ಕ? ನಸುಕಿಗೆದ್ದು ಅಂಗಳ ಗುಡಿಸಿ, ಅಷ್ಟೂ ಜನಕ್ಕೆ ಪಲಾವ್ ಮಾಡಿಟ್ಟು ಬಂದು ಕೂತಿದ್ದೆ. ಅತ್ತೆ ಮುಖ ನೋಡ್ಕೊಂಡೇ ಹೇಳಿದೆ.”

“ಅವರೇನಂದ್ರು?”

“ಹಣೆಗೆ ಮುತ್ತು ಕೊಟ್ರು. ಆಮೇಲೆ ಪಾತ್ರೆ ತೊಳೆಯೋಕೆ ಕಳಿಸಿದ್ರು.”

ಅಕ್ಕನಿಗೆ ನಗು ಬಂತು. ತಂಗಿ ನಗಲಿಲ್ಲ.

“ಹಾಗಾದ್ರೆ ಅಡುಗೆಮನೇಲಿ ನಿಂತು ಇನ್ನೊಂದ್ಸಲ ಹೇಳು. ಅಲ್ಲಿ ಯಾರೂ ಶತಹ್ ಅನ್ನಲ್ಲ.”

“ಅಲ್ಲಿ ನನಗೆ ದನಿಯೇ ಏಳಲ್ಲ. ಅವರು ಒಂದ್ಸಲ ಬೈದಿದ್ರೂ ಸಾಕಿತ್ತು, ಕೇಳಿಸಿಕೊಂಡ್ರು ಅಂದ್ಕೊಳ್ತಿದ್ದೆ.”

ಮಿನಿಬಸ್ಸು ಬಂದು ನಿಂತಿತು.

“ಬರೋ ಗುರುವಾರ ಮತ್ತೆ ನಮ್ಮನೇಲೇ ಜಿಕ್ರ್. ನನ್ನ ಬಾಯಿಂದ ಇನ್ನೇನು ಬರುತ್ತೋ ಕೇಳೋಕೆ ಅಂತ ಪಕ್ಕದ ಬೀದಿಯವರನ್ನೂ ಕರೆದಿದ್ದಾರೆ ಅತ್ತೆ.”

“ಅಷ್ಟು ಜನಕ್ಕೆ ಅಡುಗೆ ಯಾರದಂತೆ?”

ಹುಲ್ಕರ್ ಕಾಲ ಬಳಿಯಿದ್ದ, ಪಲಾವಿಗೆಂದು ಕೊಂಡ ಕ್ಯಾರೆಟ್ ಮೂಟೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬಸ್ಸು ಹತ್ತಿದಳು.